ತೇರಾದವಳ ಹಾಡೇ ಇದು?

'ಕೆಜಿಎಫ್' ಮೊದಲ ಭಾಗ 2018ರ ಡಿಸೆಂಬರ್‌ನಲ್ಲಿ ಬಂದಾಗಿನಿಂದ ಅದರ 'ಗರ್ಭದಿ' ಹಾಡಿಗೆ ಹೆಣ್ಣಿನ ಶಕ್ತಿಯ ಹಾಡು ಎಂಬ ಬಿರುದು ಅಂಟಿಕೊಂಡಿದೆ. ನಮ್ಮ ಮಾಲೂರು, ಕೋಲಾರದ ಕಡೆ ಶಾಲಾ ವಾರ್ಷಿಕೋತ್ಸವವಿರಲಿ, ಮಹಿಳಾ ದಿನಾಚರಣೆಯಿರಲಿ, ವೇದಿಕೆಯ ಮೇಲೆ ಅದು ಬಂದೇ ಬರುತ್ತದೆ. ಚಿತ್ರ ನಮ್ಮ ಜಿಲ್ಲೆಯ ಹೆಸರು ಹೊತ್ತಿರುವುದರಿಂದ ಅಭಿಮಾನವೂ ಸೇರಿಕೊಂಡಿದೆ. ಈ ಬಿರುದು ಆ ಹಾಡಿಗೆ ಸಲ್ಲದು ಎಂಬುದು ನನ್ನ ಖಚಿತ ಅಭಿಪ್ರಾಯ.

ಹಾಡು ಚೆನ್ನಾಗಿಲ್ಲ ಎಂದು ನಾನು ಹೇಳುತ್ತಿಲ್ಲ. ಅನನ್ಯಾ ಭಟ್ ಅವರ ದನಿಯಲ್ಲಿ ಜನಪದದ ಗಟ್ಟಿತನವಿದೆ, ರವಿ ಬಸ್ರೂರು ಅವರಿಗೆ ರಾಗ ಕೂರಿಸುವುದು ಗೊತ್ತು. ಅಷ್ಟು ಒಪ್ಪಿಕೊಂಡು ಹಾಡಿನ ಮೊದಲ ರೂಪಕಕ್ಕೆ ಬರೋಣ. ಬಸುರಿ ತಾಯಿ ಊರಿನಲ್ಲಿ ನಡೆಯುತ್ತಿದ್ದಾಳೆ. ಒಳಗಿರುವ ಮಗುವಿಗೆ ತಾನು ತೇರಿನಲ್ಲಿ ಕುಳಿತಂತೆ ಅನ್ನಿಸುತ್ತದೆ. ಕಲ್ಪನೆ ಸೊಗಸಾಗಿದೆ, ಕೇಳಿದವರ ಕಣ್ಣು ತೇವವಾಗುತ್ತದೆ. ಆದರೆ ಇಲ್ಲಿ ಮಾತಾಡುತ್ತಿರುವವರು ಯಾರು? ದನಿ ಹೆಣ್ಣಿನದು, 'ನಾನು' ಎನ್ನುವವನು ಮಗ. ಹೆಣ್ಣಿನ ಕಂಠ ಮಗನ ಮಾತನ್ನು ಹೊತ್ತು ನಡೆಯುತ್ತಿದೆ, ಆ ತಾಯಿ ಅವನನ್ನು ಹೊತ್ತು ನಡೆದ ಹಾಗೆಯೇ.

ತೇರಿನ ಹಬ್ಬ ಕಂಡವರಿಗೆ ಉಳಿದದ್ದನ್ನು ಬಿಡಿಸಿ ಹೇಳಬೇಕಿಲ್ಲ. ಜನ ಬಾಳೆಹಣ್ಣು ಎಸೆಯುವುದು, ಕೈಮುಗಿಯುವುದು ಒಳಗೆ ಕುಳಿತ ದೇವರಿಗೆ. ತೇರಿಗೆ ಬಣ್ಣವಿದೆ, ಎತ್ತರವಿದೆ, ಅಲಂಕಾರವಿದೆ, ಸ್ವಂತದ ದಾರಿಯಿಲ್ಲ. ಎಳೆದ ಕಡೆಗೆ ಹೋಗಬೇಕು. ತಾಯಿಯನ್ನು ತೇರು ಮಾಡಿದ ಕ್ಷಣದಲ್ಲೇ ಹಾಡು ಮಗನನ್ನು ಉತ್ಸವಮೂರ್ತಿ ಮಾಡಿಬಿಟ್ಟಿದೆ. ನಮ್ಮ ಸೀಮೆಯ ಕರಗವನ್ನು ನೆನೆದರೆ ವ್ಯತ್ಯಾಸ ಕಾಣುತ್ತದೆ. ಅಲ್ಲಿ ಗಂಡಸು ಹೆಣ್ಣಿನ ಉಡುಗೆ ಉಟ್ಟು ದ್ರೌಪದಿಯನ್ನು ತಲೆಯ ಮೇಲೆ ಹೊರುತ್ತಾನೆ. ಹೊರುವವನು ಅವನು, ಹಬ್ಬ ಅವಳದು.

ಚಿತ್ರದ ಕಥೆಯೂ ಹಾಡು ಮಾಡಿದ್ದನ್ನೇ ಮಾಡುತ್ತದೆ. ನಾಯಕ ಹುಟ್ಟುವುದು, ಕೋಲಾರದಲ್ಲಿ ಚಿನ್ನ ಸಿಗುವುದು ಎರಡೂ 1951ರಲ್ಲಿ. ತಾಯಿಯ ಒಡಲು, ಭೂಮಿಯ ಒಡಲು, ಎರಡೂ ಅವನಿಗಾಗಿಯೇ ತೆರೆದುಕೊಳ್ಳುತ್ತವೆ. ಅರ್ಚನಾ ಜೋಯಿಸ್ ನಟಿಸಿದ ಆ ತಾಯಿ ಕೇಳುವುದೂ ಮಗ ಸಿರಿವಂತನಾಗಿ, ಬಲಶಾಲಿಯಾಗಿ ಸಾಯಬೇಕೆಂಬ ಮಾತನ್ನು. ತನಗೆ ಏನು ಬೇಕಿತ್ತು ಎಂದು ಅವಳು ಹೇಳಿಕೊಳ್ಳುವುದಿಲ್ಲ. ವಾದ್ಯಗಳಲ್ಲೂ ಅದೇ ಹಂಚಿಕೆ. ನಾಯಕನಿಗೆ ನಗಾರಿಯ ಅಬ್ಬರ, ಗಂಡುದನಿಗಳ ಮೇಳ, ರಾಕ್ ಸಂಗೀತದ ರಭಸ. ತಾಯಿಗೆ ಮೆತ್ತನೆಯ, ನಿಧಾನದ ಲಯ. ಸಿಟ್ಟೆಲ್ಲ ಮಗನ ಪಾಲು, ಕಣ್ಣೀರೆಲ್ಲ ಅವಳ ಪಾಲು.

ಇಲ್ಲಿ ಎರಡು ಗುಂಪಿನ ವಿಮರ್ಶಕರೊಡನೆ ನನಗೆ ಜಗಳವಿದೆ. ವ್ಯಾಪಾರಿ ಚಿತ್ರದ ಹಾಡಿಗೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೆ ಎನ್ನುವವರದು ಮೊದಲ ಗುಂಪು. ಹೆಣ್ಣುಮಕ್ಕಳು ಶಾಲೆಯ ವೇದಿಕೆಯಲ್ಲಿ ಬಾಯಿಪಾಠ ಹಾಡುವುದು ಇದನ್ನೇ, ವಿಮರ್ಶಕರು ಮೆಚ್ಚಿದ ಕವಿತೆಯನ್ನಲ್ಲ. ಹಾಗಿರುವಾಗ ವಿಮರ್ಶೆ ಇಲ್ಲಿಗೆ ಬರದೆ ಇನ್ನೆಲ್ಲಿಗೆ ಹೋಗಬೇಕು? ಹೆಣ್ಣುದನಿ ಇಷ್ಟು ಜನರನ್ನು ಮುಟ್ಟಿದ್ದೇ ಗೆಲುವು ಎನ್ನುವವರದು ಎರಡನೆಯದು. ಇವರ ಮಾತು ಇನ್ನೂ ಅಪಾಯದ್ದು. ದನಿ ಮುಟ್ಟಿತು ನಿಜ, ಏನನ್ನು ಹೊತ್ತು ಮುಟ್ಟಿತು? ಅಕ್ಕಮಹಾದೇವಿಯ 'ನಾನು', ಸಂಚಿಯ ಹೊನ್ನಮ್ಮನ ಪ್ರಶ್ನೆ ಇರುವ ಭಾಷೆಯಲ್ಲಿ ಬರಿಯ ಕಂಠಕ್ಕೆ ತೃಪ್ತರಾಗುವುದು ನಮ್ಮನ್ನು ನಾವೇ ಕುಗ್ಗಿಸಿಕೊಂಡಂತೆ.

ಕಂಠವೂ ಮಾತೂ ಹೆಣ್ಣಿನದೇ ಆದ ಹಾಡಿಗೆ ಹೊರಗಿನ ಉದಾಹರಣೆ ಬೇಕಿದ್ದರೆ ಅಮೆರಿಕದ 'ಹಾರ್ಟ್' ತಂಡವಿದೆ. ಆ್ಯನ್ ಮತ್ತು ನ್ಯಾನ್ಸಿ ವಿಲ್ಸನ್ ಎಂಬ ಅಕ್ಕತಂಗಿಯರ ಹಾರ್ಡ್ ರಾಕ್ ತಂಡ. ಅವರಿಬ್ಬರ ನಡುವೆ ದೈಹಿಕ ಸಂಬಂಧವಿದೆ ಎಂದು ಸೂಚಿಸುವ ಜಾಹೀರಾತನ್ನು ಅವರ ರೆಕಾರ್ಡ್ ಕಂಪನಿಯೇ ಹಾಕಿತು. ಆ ಕೊಳಕಿಗೆ ಸಿಡಿದೆದ್ದು ಬರೆದದ್ದು 1977ರ 'ಬರಾಕುಡಾ'. ಗಿಟಾರಿನ ಗುಡುಗು ಅಲ್ಲಿ ಅವರ ಮಾತಿಗೆ, ಸಿಟ್ಟೂ ಅವರದೇ. ಅವರು ಯಾರ ತಾಯಿ ಎಂದು ಕೇಳುವ ಅಗತ್ಯ ಆ ಹಾಡಿಗಿಲ್ಲ.

ನಮ್ಮಲ್ಲಿ ಅಂಥ ಸಿಟ್ಟಿಗೆ ಕಾರಣ ಕಡಿಮೆಯೇನಲ್ಲ. ನಿಜವಾದ ಚಿನ್ನದ ಗಣಿ ಚಿತ್ರ ಹೇಳುವ 1951ಕ್ಕಿಂತ ಬಹಳ ಹಿಂದಿನದು. ಗಣಿ ನಡೆಸಲು ಜಾನ್ ಟೇಲರ್ ಕಂಪನಿ ಬಂದದ್ದು 1880ರ ಸುಮಾರಿಗೆ, ಅಲ್ಲಿಗೆ ಶಿವನಸಮುದ್ರದ ವಿದ್ಯುತ್ ತಲುಪಿದ್ದು 1902ರಲ್ಲಿ. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಾರಿಕುಪ್ಪಂನಿಂದ ಹೊರಡುವ ರೈಲು ಬಂಗಾರಪೇಟೆ, ಟೇಕಲ್, ಮಾಲೂರು ದಾಟಿ ಗಣಿ ಕಾರ್ಮಿಕರ ಮನೆಗಳ ಹೆಣ್ಣುಮಕ್ಕಳನ್ನೂ ಬೆಂಗಳೂರಿನ ಕೂಲಿಗೆ ಒಯ್ಯುತ್ತಿದೆ. ಕತ್ತಲಲ್ಲೇ ಎದ್ದು ಅಡುಗೆ ಮುಗಿಸಿ ರೈಲು ಹಿಡಿಯುವ ಇವರು ಯಾರ ತೇರೂ ಅಲ್ಲ. ಗಣಿಯ ತ್ಯಾಜ್ಯದ ಸೈನೈಡ್ ದಿಬ್ಬಗಳ ಮೇಲೆ ಚಿತ್ರೀಕರಣ ನಡೆಸಿದ ಸಿನಿಮಾಕ್ಕೆ ಆ ದಿಬ್ಬಗಳ ದೂಳು ಕುಡಿದ ಹೆಂಗಸರು ನಾಯಕನ ಹಿಂದೆ ನಿಲ್ಲುವ ಗುಂಪಾಗಿ ಮಾತ್ರ ಬೇಕಾದರು.

ಕಾರ್ಯಕ್ರಮ ನಡೆಸುವವರಲ್ಲಿ ಒಂದು ಕೋರಿಕೆ. ಬರುವ ಮಾರ್ಚ್ 8ರಂದು ಈ ಹಾಡನ್ನು ಬಿಟ್ಟು ಮೈಕನ್ನು ಆ ರೈಲಿನ ಹೆಂಗಸರಿಗೆ ಕೊಡಿ. ಅವರು ತಮಿಳಿನಲ್ಲಿ ಹಾಡಲಿ, ತೆಲುಗಿನಲ್ಲಿ ಹಾಡಲಿ, ಕನ್ನಡದಲ್ಲಿ ಬೈಯಲಿ. 'ಗರ್ಭದಿ' ಮಗನೊಬ್ಬ ತಾಯಿಗೆ ಸಲ್ಲಿಸಿದ ಒಳ್ಳೆಯ ಕೃತಜ್ಞತೆಯ ಹಾಡು. ಹೆಣ್ಣಿನ ಹಾಡು ಅದಲ್ಲ.