ಬೋರ್ಡು ಕಾಣದ ಫೋಟೊ

ಹೊಗೆಯುಗುಳುವ ಎಂಜಿನ್, ಹಿಂದೆ ನಾಲ್ಕು ಮರ. ಅಷ್ಟಿದ್ದರೆ ಸಾಕು, ಹಳೆಯ ರೈಲು ಫೋಟೊದ ಕೆಳಗೆ 'ತರೀಕೆರೆ, ಮಲೆನಾಡು' ಎಂದು ಬರೆದುಬಿಡುತ್ತೇವೆ. ಅಡಿಬರಹವೂ ಒಂದು ಪಠ್ಯ. ಅದನ್ನೂ ಅನುಮಾನದಿಂದಲೇ ಓದಬೇಕು.

ಮೊದಲು ಹಳಿ ನೋಡಿ. ಕಡೂರು–ಚಿಕ್ಕಮಗಳೂರು ಮಾರ್ಗ ಶುರುವಾದದ್ದೇ 2013ರಲ್ಲಿ, ಬ್ರಾಡ್‌ಗೇಜಿನಲ್ಲಿ. ಆ ಹೆಸರಿನಡಿ ಮೀಟರ್‌ಗೇಜ್ ಉಗಿಬಂಡಿ ಕಂಡರೆ ಸುಳ್ಳು ಹೇಳುತ್ತಿರುವುದು ಫೋಟೊ ಅಲ್ಲ, ಅಡಿಬರಹ. ತರೀಕೆರೆಗೆ ಎರಡು ಅಳತೆಯ ಹಳಿಗಳಿದ್ದವು: 1899ರ ಬೀರೂರು–ಶಿವಮೊಗ್ಗ ಮೀಟರ್‌ಗೇಜ್, ಆಮೇಲೆ ನರಸಿಂಹರಾಜಪುರದ ಕಡೆಗೆ ಹೋದ ಎರಡಡಿ ಅಗಲದ ಟ್ರಾಮ್. ಪಕ್ಕದಲ್ಲಿ ನಿಂತ ಗ್ಯಾಂಗ್‌ಮನ್ನನ ಎತ್ತರಕ್ಕೆ ಹಳಿಯ ಅಗಲವನ್ನು ಹೋಲಿಸಿದರೂ ಯಾವುದು ಯಾವುದೆಂದು ಗೊತ್ತಾಗುತ್ತದೆ.

ಅಜ್ಜಂಪುರದ್ದು ಬೇರೆ ಮಾತು. ಬೀರೂರಿನಿಂದ ಹುಬ್ಬಳ್ಳಿಯತ್ತ ಹೋಗುವ ಈ ದಾರಿ ಬಯಲುಸೀಮೆಯದು. ನಮ್ಮ ಹಳಹಳಿಕೆಗೆ ಬಯಲು ರುಚಿಸುವುದಿಲ್ಲ. ನನ್ನ ಪ್ರಬಂಧದ ಕರಡಿನಲ್ಲೂ ಒಂದು ಫೋಟೊ 'ತರೀಕೆರೆ ನಿಲ್ದಾಣ' ಎಂದೇ ಸೇರಿತ್ತು. ಮೂಲದಲ್ಲಿದ್ದದ್ದು 'ತರೀಕೆರೆ' ಮಾತ್ರ. 'ನಿಲ್ದಾಣ' ನನ್ನ ಸೇರಿಕೆ. ಹಿಂದೆ ಬೆಟ್ಟದ ಗೆರೆಯೇ ಇರಲಿಲ್ಲ. ಮಂಜು ಮುಚ್ಚಿರಬೇಕು ಅಂದುಕೊಂಡೆ. ಆದರೆ ನೆಲದ ಮೇಲೆ ಬಿದ್ದ ನೆರಳುಗಳು ಕತ್ತರಿಸಿದಷ್ಟು ಚೂಪಾಗಿದ್ದವು. ಆ ಮಂಜನ್ನು ತಂದವನು ನಾನೇ.

ಇನ್ನೊಂದು ತೊಡಕು: ಈಗ ತಾಲ್ಲೂಕಾಗಿರುವ ಅಜ್ಜಂಪುರ, ಬಹುಕಾಲ ತರೀಕೆರೆ ತಾಲ್ಲೂಕಿಗೇ ಸೇರಿತ್ತು. ಬರೆದವರು ತಾಲ್ಲೂಕನ್ನು ಬರೆದಿರಬಹುದು, ನಾನು ಊರೆಂದು ಓದಿದೆ. ಹಾಗೆಂದು ಅದನ್ನು 'ಅಜ್ಜಂಪುರ' ಎಂದು ತಿದ್ದಿದರೆ ಮತ್ತೆ ಅದೇ ಆತುರ. ಸದ್ಯ ಕರಡಿನಲ್ಲಿ ಹೀಗಿದೆ: 'ತರೀಕೆರೆ (ತಾಲ್ಲೂಕು?), ಬಯಲು ಭಾಗ, ಮೀಟರ್‌ಗೇಜ್.' ಆ ಪ್ರಶ್ನಾರ್ಥಕ ಚಿಹ್ನೆಯನ್ನು ತೆಗೆಯುವಂತೆ ಹೇಳಿದ್ದಾರೆ, ನಾನಿನ್ನೂ ತೆಗೆದಿಲ್ಲ.