‘ಸ್ಥಳೀಯ’ ಎಂಬ ತಳಿ

ಕಳೆದ ಚಳಿಗಾಲದಲ್ಲಿ ರೋಣ ತಾಲ್ಲೂಕಿನ ಒಂದು ಗ್ರಾಮ ಪಂಚಾಯ್ತಿ ಕಚೇರಿಯಲ್ಲಿ ಕೂತು ಅಲ್ಲಿನ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಓದಿದೆ. ಊರಿನ ಹೆಸರು ಬೇಡ. ದೂರು ಹೇಳಲು ಹೋದವಳಲ್ಲ ನಾನು. ಬೆಳೆ, ತಳಿ, ಬಿತ್ತುವ ಕಾಲ, ಉಪಯೋಗ ಎಂದು ನಾಲ್ಕು ಕಾಲಂಗಳು. ಬೆಳೆಯ ಕಾಲಂನಲ್ಲಿ ಜೋಳ, ಕಡಲೆ, ಹತ್ತಿ, ಕುಸುಬೆ, ಮೆಣಸಿನಕಾಯಿ, ಬದನೆ. ತಳಿಯ ಕಾಲಂನಲ್ಲಿ ಮೇಲಿಂದ ಕೆಳಗಿನವರೆಗೆ ಒಂದೇ ಶಬ್ದ: ‘ಸ್ಥಳೀಯ’. ಮೊದಲ ಸಾಲಿನಲ್ಲಿ ಪೂರ್ತಿ ಬರೆದು, ಉಳಿದ ಸಾಲುಗಳಲ್ಲಿ ‘ಸದರ’ ಚಿಹ್ನೆ ಹಾಕಿದ್ದರು.

ನನ್ನ ಅಜ್ಜಿಗೆ ಜೋಳವೊಂದರಲ್ಲೇ ಸೀತನಿಯದು ಬೇರೆ, ಅಳ್ಳಿನದು ಬೇರೆ, ರೊಟ್ಟಿಗೆ ಮಾಲದಂಡಿ ಬೇರೆ. ಅವಳಿಗೆ ‘ಸ್ಥಳೀಯ’ ಎಂಬ ಶಬ್ದ ಗೊತ್ತಿರಲಿಲ್ಲ. ‘ಜವಾರಿ’ ಗೊತ್ತಿತ್ತು, ಆದರೆ ಅದು ಅವಳಿಗೆ ತಳಿಯ ಹೆಸರಲ್ಲ, ಗುಣದ ಹೆಸರು.

ಈ ದಾಖಲಾತಿ ಎಲ್ಲಿಂದ ಬಂತು ಎಂಬುದಕ್ಕೆ ದೊಡ್ಡ ವಂಶಾವಳಿಯಿದೆ. 1992ರಲ್ಲಿ ರಿಯೊ ನಗರದಲ್ಲಿ ಜಗತ್ತಿನ ದೇಶಗಳು ಜೀವವೈವಿಧ್ಯ ಒಪ್ಪಂದಕ್ಕೆ ಸಹಿ ಹಾಕತೊಡಗಿದವು. ಕಾಪಾಡುವುದು, ಹದವಾಗಿ ಬಳಸುವುದು, ಬಂದ ಲಾಭವನ್ನು ನ್ಯಾಯವಾಗಿ ಹಂಚಿಕೊಳ್ಳುವುದು ಎಂಬ ಮೂರು ಮಾತು ಅದರ ತಿರುಳು. ಅದನ್ನು ಅನುಸರಿಸಿ ಭಾರತ 2002ರಲ್ಲಿ ಜೀವವೈವಿಧ್ಯ ಕಾಯ್ದೆ ಮಾಡಿತು. ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಒಂದು ಸಮಿತಿ ಇರಬೇಕು, ಅದು ಊರವರನ್ನು ಕೇಳಿ ದಾಖಲಾತಿ ಬರೆಯಬೇಕು. ಬಹಳ ಕಾಲ ಯಾರೂ ಬರೆಯಲಿಲ್ಲ. 2019ರಲ್ಲಿ ಹಸಿರು ನ್ಯಾಯಮಂಡಳಿ ಗಡುವು ಕೊಟ್ಟು, 2020ರ ಜನವರಿ ಮುಗಿಯುವುದರೊಳಗೆ ಆಗದಿದ್ದರೆ ರಾಜ್ಯಗಳು ತಿಂಗಳಿಗೆ 10 ಲಕ್ಷ ರೂಪಾಯಿ ಕಟ್ಟಬೇಕೆಂದಿತು. ದಂಡದ ಭಯದಲ್ಲಿ ಬರೆದ ಗದ್ಯಕ್ಕೆ ಒಂದು ಶೈಲಿಯಿರುತ್ತದೆ. ‘ಸದರ’ ಎಂಬುದು ಆ ಶೈಲಿಯ ಸಹಿ.

ಸಾಹಿತ್ಯದ ಸಂಶೋಧನಾ ವಿದ್ಯಾರ್ಥಿನಿಗೆ ಪಂಚಾಯ್ತಿ ಪುಸ್ತಕದಲ್ಲಿ ಏನು ಕೆಲಸ ಎಂದು ಕೇಳಬಹುದು. ನನ್ನ ವಿಷಯ ಕನ್ನಡದ ಪರಿಸರ ಸಾಹಿತ್ಯ. ಮೊದಲ ಸಾರಲೇಖದಲ್ಲಿ ಶಿವರಾಮ ಕಾರಂತರ ‘ಬೆಟ್ಟದ ಜೀವ’, ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’, ತೇಜಸ್ವಿಯವರ ‘ಕರ್ವಾಲೊ’ ಇಟ್ಟುಕೊಂಡಿದ್ದೆ. ಸಮಿತಿಯ ಹಿರಿಯರೊಬ್ಬರು ಓದಿ, ‘ನಿಮ್ಮ ಕಡೆಯದು ಒಂದೂ ಇಲ್ಲವಲ್ಲಮ್ಮ?’ ಎಂದರು. ‘ನಮ್ಮಲ್ಲಿ ಕಾಡಿಲ್ಲ ಸರ್’ ಎಂದೆ. ಆ ಉತ್ತರ ಹೇಳಿದ ಕ್ಷಣಕ್ಕೆ ಸಲೀಸಾಗಿತ್ತು. ಆಮೇಲೆ ಎರಡು ವರ್ಷದಿಂದ ನನ್ನನ್ನು ಕಾಡುತ್ತಿದೆ.

ಕನ್ನಡದಲ್ಲಿ ನಿಸರ್ಗ ಎಂದರೆ ಮಳೆ, ಮರ, ಹೊಳೆ. ಇದು ಮಲೆನಾಡಿನ ಲೇಖಕರ ತಪ್ಪಲ್ಲ. ಅವರು ತಮ್ಮ ಅಂಗಳವನ್ನು ಬರೆದರು, ಅದ್ಭುತವಾಗಿ ಬರೆದರು. ವಿಮರ್ಶೆ ಆ ಅಂಗಳವನ್ನೇ ಅಳತೆಗೋಲು ಮಾಡಿಕೊಂಡಿತು. ಎರಿ ಹೊಲ, ಮಡ್ಡಿ, ಕುರುಚಲು ಗುಡ್ಡ, ಕುರಿ ಹಾಯುವ ಹುಲ್ಲುಗಾವಲು ನಮ್ಮ ಬರವಣಿಗೆಯಲ್ಲಿ ಬಂದಾಗ ಅದನ್ನು ‘ಗ್ರಾಮಜೀವನ’ ಎಂದೋ ‘ಬರದ ಚಿತ್ರಣ’ ಎಂದೋ ಓದುತ್ತೇವೆ. ರಾವಬಹಾದ್ದೂರರ ‘ಗ್ರಾಮಾಯಣ’ವನ್ನು ಊರು ಒಡೆಯುವ ಕಥೆಯಾಗಿ ಓದಿದ್ದೇವೆ, ನೆಲದ ಕಥೆಯಾಗಿ ಓದಿದವರು ನನಗೆ ಸಿಕ್ಕಿಲ್ಲ. ನಮ್ಮದೇ ಜಿಲ್ಲೆಯ ಕಪ್ಪತಗುಡ್ಡವನ್ನು ಗಣಿಯಿಂದ ಉಳಿಸಲು ಜನ ಬೀದಿಗಿಳಿದರು, ತೋಂಟದ ಸಿದ್ಧಲಿಂಗ ಸ್ವಾಮಿಗಳು ಮುಂದೆ ನಿಂತರು, 2019ರಲ್ಲಿ 244 ಚದರ ಕಿಲೋಮೀಟರ್ ವನ್ಯಜೀವಿಧಾಮವಾಯಿತು. ದೊಡ್ಡ ಗೆಲುವು. ಆದರೆ ಆ ಗುಡ್ಡದ ಬಿರುದು ನೋಡಿ: ‘ಉತ್ತರ ಕರ್ನಾಟಕದ ಸಹ್ಯಾದ್ರಿ’. ಉಳಿಯುವುದಕ್ಕೂ ಅದು ಮಲೆನಾಡಿನ ಹೆಸರನ್ನು ಎರವಲು ತರಬೇಕಾಯಿತು.

ಈ ಕುರುಡು ಸಾಹಿತ್ಯದಲ್ಲಷ್ಟೇ ಇದ್ದಿದ್ದರೆ ಒಂದು ವಿಚಾರ ಸಂಕಿರಣದಲ್ಲಿ ಮುಗಿಯುತ್ತಿತ್ತು. ಅದು ಕಂಪನಿಗಳು ತುಂಬುವ ಅರ್ಜಿಯಲ್ಲೂ ಇದೆ. ಷೇರು ಮಾರುಕಟ್ಟೆಯ ಮೊದಲ ಸಾವಿರ ಕಂಪನಿಗಳು ‘ಉದ್ಯಮ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ’ಯನ್ನು ಸಲ್ಲಿಸುವುದನ್ನು ಸೆಬಿ 2022-23ರಿಂದ ಕಡ್ಡಾಯ ಮಾಡಿದೆ. ಅದರಲ್ಲೊಂದು ಪ್ರಶ್ನೆ: ಪರಿಸರ ಅನುಮತಿ ಬೇಕಾಗುವಂಥ ಸೂಕ್ಷ್ಮ ಪ್ರದೇಶದ ಒಳಗೋ ಅಂಚಿನಲ್ಲೋ ನಿಮ್ಮ ಕೆಲಸ ನಡೆಯುತ್ತಿದೆಯೇ? ಕಂಸದಲ್ಲಿ ಉದಾಹರಣೆಗಳಿವೆ: ರಾಷ್ಟ್ರೀಯ ಉದ್ಯಾನ, ವನ್ಯಜೀವಿಧಾಮ, ಜೀವಗೋಳ ಮೀಸಲು, ಜೌಗು, ಜೀವವೈವಿಧ್ಯದ ತಾಣ, ಕಾಡು, ಕರಾವಳಿ ವಲಯ, ಇತ್ಯಾದಿ. ಪಟ್ಟಿಯಲ್ಲಿ ಹುಲ್ಲುಗಾವಲಿಲ್ಲ, ಮಡ್ಡಿಯಿಲ್ಲ. ಅವು ‘ಇತ್ಯಾದಿ’ಯಲ್ಲಿ ಸೇರುತ್ತವೆ ಎಂದು ವಾದಿಸಬಹುದು, ನಾನು ಓದಿದವರೆಗೆ ‘ಇತ್ಯಾದಿ’ ಎಂಬುದು ನಮ್ಮ ದಾಖಲಾತಿಯ ‘ಸದರ’ದ ಅಣ್ಣ.

ಗಜೇಂದ್ರಗಡದ ಕಾಲಕಾಲೇಶ್ವರನ ಗುಡಿಗೆ ಹೋದವರು ಗುಡ್ಡದ ಸಾಲಿನ ಮೇಲೆ ನಿಂತ ಗಾಳಿಯಂತ್ರಗಳನ್ನು ನೋಡಿರುತ್ತಾರೆ. ಊರವರ ಬಾಯಲ್ಲಿ ಅವು ಫ್ಯಾನು. ದೇಶದಲ್ಲಿ ಪವನ ವಿದ್ಯುತ್ ಯೋಜನೆಗಳಿಗೆ 2006ರ ಅಧಿಸೂಚನೆಯಡಿ ಪರಿಸರ ಪರಿಣಾಮದ ಅಧ್ಯಯನ ಬೇಕಿಲ್ಲ. ಹೊಗೆಯಿಲ್ಲವಲ್ಲ, ಮತ್ತೇಕೆ ಎಂಬುದು ತರ್ಕ. ಗದಗ-ಕೊಪ್ಪಳದ ಈ ಕುರುಚಲು ಗುಡ್ಡಗಳು ತೋಳ, ಕತ್ತೆಕಿರುಬಗಳು ಓಡಾಡುವ ಜಾಗ. ಮಹಾರಾಷ್ಟ್ರದ ಚಾಳಕೇವಾಡಿಯ ಪ್ರಸ್ಥಭೂಮಿಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಮಾರಿಯಾ ಥಾಕರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 2018ರಲ್ಲಿ ಬಂತು. ಗಾಳಿಯಂತ್ರಗಳಿರುವಲ್ಲಿ ಬೇಟೆಗಾರ ಹಕ್ಕಿಗಳು ಕಡಿಮೆ, ಹಾಗಾಗಿ ಅವು ತಿನ್ನುವ ಓತಿಗಳು ಹೆಚ್ಚು ಎಂದು ಅದು ತೋರಿಸಿತು. ಯಂತ್ರವೇ ಅಲ್ಲಿ ದೊಡ್ಡ ಬೇಟೆಗಾರನ ಹಾಗೆ ಕೆಲಸ ಮಾಡುತ್ತದೆ, ಆಹಾರದ ಸರಪಳಿಯ ಮೇಲಿನ ಕೊಂಡಿ ಸಡಿಲವಾದರೆ ಕೆಳಗಿನವೂ ಅಲುಗುತ್ತವೆ.

ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಟ್ಟು ಬರೆಯಲಾರೆ. ರಿಯೊದಲ್ಲಿ 1992ರಲ್ಲಿ ಸಹಿಗೆ ಇಟ್ಟದ್ದು ಒಂದೇ ಒಪ್ಪಂದವಲ್ಲ. ಹವಾಮಾನದ್ದೂ ಜೀವವೈವಿಧ್ಯದ್ದೂ ಅವಳಿ ಮಕ್ಕಳಂತೆ ಒಟ್ಟಿಗೆ ಬಂದವು. ಗಜೇಂದ್ರಗಡದ ಫ್ಯಾನು ಮೊದಲನೆಯ ಮಾತನ್ನು ನಡೆಸಿಕೊಡುತ್ತಿದೆ, ತೋಳ ಎರಡನೆಯ ಮಾತನ್ನು ಕಾಯುತ್ತಿದೆ. ಇಬ್ಬರಿಗೂ ಬೇಕಾದದ್ದು ಅದೇ ಗುಡ್ಡ. ಕಂಪನಿಯನ್ನು ಖಳನಾಯಕ ಮಾಡಿದರೆ ಕಥೆ ಸುಲಭ. ಆದರೆ ಕಲ್ಲಿದ್ದಲಿನ ಕರೆಂಟಿನಲ್ಲಿ ಲ್ಯಾಪ್‌ಟಾಪ್ ಹಚ್ಚಿಕೊಂಡು ನಾನು ಆ ಕಥೆ ಬರೆಯುವುದು ಸರಿಹೋಗುವುದಿಲ್ಲ. ಕೇಳಬೇಕಾದ್ದು ಇಷ್ಟೇ: ಫ್ಯಾನು ಎಲ್ಲಿ ನಿಲ್ಲಬೇಕು ಎಂದು ನಿರ್ಧರಿಸುವ ನಕ್ಷೆಯಲ್ಲಿ ಗುಡ್ಡ ‘ಬಂಜರು’ ಎಂದೇ ಯಾಕೆ ಬಣ್ಣ ಹಚ್ಚಿಸಿಕೊಂಡಿದೆ? ಕುರಿ ಕಾಯುವವರ ಭಾಷೆಯಲ್ಲಿ ಬಂಜರಲ್ಲದ ಜಾಗ ಕಂದಾಯದ ಭಾಷೆಯಲ್ಲಿ ಬಂಜರಾಗುವುದು ಅನುವಾದದ ಸಮಸ್ಯೆ. ಅನುವಾದದ ಸಮಸ್ಯೆಯೆಂದರೆ ನಮ್ಮ ವಿಭಾಗದ ಸಮಸ್ಯೆ.

ಅನುವಾದ ಎಷ್ಟು ದುಬಾರಿ ಎನ್ನುವುದಕ್ಕೆ ಬದನೆಯ ಕಥೆ ಸಾಕು. 2005ರಲ್ಲಿ ಧಾರವಾಡದ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯ, ಮಹಿಕೋ ಬೀಜ ಕಂಪನಿ ಮತ್ತು ಅಮೆರಿಕದ ನೆರವಿನ, ಕಾರ್ನೆಲ್ ವಿಶ್ವವಿದ್ಯಾಲಯ ನಡೆಸುತ್ತಿದ್ದ ಒಂದು ಕಾರ್ಯಕ್ರಮದ ನಡುವೆ ಬಿಟಿ ಬದನೆಗಾಗಿ ಒಪ್ಪಂದವಾಯಿತು. ಕರ್ನಾಟಕದ ಬದನೆ ತಳಿಗಳೊಳಗೆ ಬಿಟಿ ವಂಶವಾಹಿ ಸೇರಿಸುವುದು ಕೆಲಸ. ತಳಿಗಳ ಹೆಸರು ಓದಿದರೆ ಬಸ್ಸಿನ ಬೋರ್ಡು ಓದಿದಂತಾಗುತ್ತದೆ: ಮಾಲಾಪುರ ಲೋಕಲ್, ರಬಕವಿ ಲೋಕಲ್, ಕುಡಚಿ ಲೋಕಲ್, ಉಡುಪಿ ಗುಳ್ಳ. ಊರುಗಳಿವೆ, ಬೆಳೆದವರಿಲ್ಲ. ‘ಲೋಕಲ್’ ಎಂಬ ಶಬ್ದ ಅಲ್ಲೂ ಅದೇ ಕೆಲಸ ಮಾಡುತ್ತಿದೆ. 2010ರ ಫೆಬ್ರವರಿ 9ರಂದು ಪರಿಸರ ಸಚಿವ ಜೈರಾಂ ರಮೇಶ್ ಬಿಟಿ ಬದನೆಗೆ ತಡೆ ಹಾಕಿದರು. ಅದೇ ತಿಂಗಳು ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್, ಕಾಯ್ದೆ ಕೇಳುವ ಅನುಮತಿಯಿಲ್ಲದೆ ಸ್ಥಳೀಯ ತಳಿಗಳನ್ನು ಬಳಸಲಾಗಿದೆ ಎಂದು ರಾಜ್ಯ ಜೀವವೈವಿಧ್ಯ ಮಂಡಳಿಗೆ ದೂರು ಕೊಟ್ಟಿತು. 2012ರಲ್ಲಿ ವಿಷಯ ಧಾರವಾಡದ ನ್ಯಾಯಾಲಯಕ್ಕೆ ಹೋಯಿತು. ಯಾರು ತಪ್ಪಿತಸ್ಥರು ಎಂಬುದು ನನ್ನ ವಿಷಯವಲ್ಲ. ನನ್ನನ್ನು ಹಿಡಿದದ್ದು ಒಂದು ಶಬ್ದ: ಸಹಯೋಗ. ಸರಕಾರದ ಮಾರ್ಗಸೂಚಿಗೆ ಒಪ್ಪುವ ‘ಸಹಯೋಗದ ಸಂಶೋಧನೆ’ಗೆ 2002ರ ಕಾಯ್ದೆಯ 5ನೇ ಸೆಕ್ಷನ್ ವಿನಾಯಿತಿ ಕೊಡುತ್ತದೆ. ಸಂಸ್ಥೆ ಸಂಸ್ಥೆಗಳು ಕೈ ಕುಲುಕಿದರೆ ಅದು ಸಹಯೋಗ. ಕುಡಚಿಯ ಕಡೆ ತಲೆಮಾರುಗಟ್ಟಲೆ ಬೀಜ ಎತ್ತಿಟ್ಟ ಹೆಂಗಸರ ಜೊತೆ ಯಾವ ಯೋಗವೂ ಬೇಕಿಲ್ಲ. ಇನ್ನೊಂದು ವಿಚಿತ್ರ: ಹಣ ಕೊಟ್ಟ ಅಮೆರಿಕ ರಿಯೊದ ಜೀವವೈವಿಧ್ಯ ಒಪ್ಪಂದಕ್ಕೆ ಸಹಿ ಹಾಕಿದ್ದರೂ ಇಂದಿಗೂ ಅದನ್ನು ಅನುಮೋದಿಸಿಲ್ಲ.

ಇದು ಹೊಸ ರೋಗವೂ ಅಲ್ಲ. ನಮ್ಮ ನರಗುಂದ-ರೋಣದ ಎರಿಯಲ್ಲಿ ಬೆಳೆಯುತ್ತಿದ್ದ ಸಣ್ಣ ಎಳೆಯ ಹತ್ತಿಗೆ ಹತ್ತೊಂಬತ್ತನೇ ಶತಮಾನದ ವ್ಯಾಪಾರಿಗಳು ಕೊಟ್ಟ ಹೆಸರು ಕುಮಟಾ ಹತ್ತಿ. ಕುಮಟಾದಲ್ಲಿ ಅದು ಬೆಳೆಯುತ್ತಿರಲಿಲ್ಲ, ಹಡಗು ಹತ್ತುತ್ತಿತ್ತು, ಅಷ್ಟೇ. ಅಮೆರಿಕದ ಬೀಜದಿಂದ ಇಲ್ಲಿ ಬೆಳೆಸಿದ್ದಕ್ಕೆ ‘ಧಾರವಾಡ-ಅಮೆರಿಕನ್’ ಎಂದರು. 1861ರಿಂದ 1865ರವರೆಗಿನ ಅಮೆರಿಕದ ಅಂತರ್ಯುದ್ಧದಲ್ಲಿ ಲ್ಯಾಂಕಶೈರಿನ ಗಿರಣಿಗಳಿಗೆ ಹತ್ತಿ ನಿಂತಾಗ ಈ ಎರಿ ಜಗತ್ತಿನ ಬಾಯಿಗೆ ಬಿತ್ತು. ಹೊಲಕ್ಕೆ ಬಂದರಿನ ಹೆಸರು ಇಡುವುದು ಆಗಲೇ ರೂಢಿಯಾಗಿತ್ತು.

2022ರ ಡಿಸೆಂಬರಿನಲ್ಲಿ ಮಾಂಟ್ರಿಯಲ್‌ನಲ್ಲಿ ದೇಶಗಳು 2030ಕ್ಕೆ ಮುಟ್ಟಬೇಕಾದ 23 ಗುರಿಗಳನ್ನು ಒಪ್ಪಿದವು. 15ನೆಯದು ವ್ಯಾಪಾರಿಗಳ ಕುರಿತು: ದೊಡ್ಡ ಕಂಪನಿಗಳು, ಬ್ಯಾಂಕುಗಳು ಜೀವವೈವಿಧ್ಯದ ಮೇಲೆ ತಮ್ಮ ಪರಿಣಾಮವನ್ನು ಅಳೆದು ಬಹಿರಂಗಪಡಿಸಬೇಕು. ಕವಿತೆ ಓದುವಂತೆ ಅದರ ಕ್ರಿಯಾಪದಗಳನ್ನು ಓದಿದೆ. ಸರಕಾರಗಳು ಕಂಪನಿಗಳನ್ನು ‘ಪ್ರೋತ್ಸಾಹಿಸಬೇಕು’, ಅವಕ್ಕೆ ‘ಅನುವು ಮಾಡಿಕೊಡಬೇಕು’. ಕರಡುಗಳ ಹಂತದಲ್ಲಿ ಅನೇಕರು ಕೇಳಿದ್ದ ‘ಕಡ್ಡಾಯ’ ಎಂಬ ಶಬ್ದ ಕೊನೆಯ ಪಠ್ಯದಲ್ಲಿ ಉಳಿಯಲಿಲ್ಲ. ನಮ್ಮಲ್ಲಿ 2023ರ ತಿದ್ದುಪಡಿ ಕಾಯ್ದೆಯ ಜೈಲು ಶಿಕ್ಷೆ ತೆಗೆದು 1 ಲಕ್ಷದಿಂದ 50 ಲಕ್ಷದವರೆಗಿನ ದಂಡ ಇಟ್ಟಿತು. ಕಂಪನಿಗೆ ಪ್ರೋತ್ಸಾಹ, ಪಂಚಾಯ್ತಿಗೆ ಗಡುವು. ಈ ವ್ಯಾಕರಣ ಯಾರು ಬರೆದದ್ದು?

ಹಾಗೆಂದು ದೇಶಗಳ ನಡುವಿನ ಒಪ್ಪಂದವೆಲ್ಲ ಕಾಗದ ಎನ್ನುವ ಸಿನಿಕತನ ನನಗಿಲ್ಲ. ನಮ್ಮ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಮಂಗೋಲಿಯಾದ ಕಡೆಯಿಂದ ಹಿಮಾಲಯ ದಾಟಿ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. 2024ರಲ್ಲಿ ಆ ಕೆರೆ ರಾಮ್ಸರ್ ಪಟ್ಟಿಗೆ ಸೇರಿತು. ಒಂದು ಹಕ್ಕಿ ಇಷ್ಟು ಗಡಿ ದಾಟುವಾಗ ಒಂದೇ ದೇಶ ಅದನ್ನು ಕಾಯಲಾರದು, ಒಪ್ಪಂದ ಬೇಕೇ ಬೇಕು. ಆದರೆ ಹೆಬ್ಬಾತು ಕೆರೆಯಲ್ಲಿ ತಂಗುತ್ತದೆ, ಮೇಯುವುದು ಸುತ್ತಲಿನ ಹೊಲಗಳಲ್ಲಿ. ಪಟ್ಟಿಯಲ್ಲಿರುವುದು ಕೆರೆ ಮಾತ್ರ.

ಇದನ್ನೆಲ್ಲ ನರಗುಂದದ ಹತ್ತಿರ ಹೊಲ ಮಾಡುವ ನಮ್ಮ ಕಾಕಾನಿಗೆ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು, ‘ಜವಾರಿ ಹತ್ತಿ ಬಿಟ್ಟಾವ್ರು ಕಂಪ್ನಿಯವ್ರಲ್ಲವಾ, ನಾವ. ಕಾಲುವಿ ನೀರು ಬಂತು, ಗೋವಿನಜೋಳ ಬಂತು, ರೊಕ್ಕ ಬಂತು. ನಿಮ್ಮಪ್ಪ ನಿನ್ನ ಓದಿಸಿದ್ದು ಯಾವ ರೊಕ್ಕದಾಗ?’ ಎಂದ. 1980ರ ಜುಲೈ 21ರಂದು ಮಲಪ್ರಭಾ ನೀರಿನ ಅಭಿವೃದ್ಧಿ ಕರದ ವಿರುದ್ಧ ನರಗುಂದದಲ್ಲಿ ನಡೆದ ಬಂಡಾಯ ಅವನ ಹುಡುಗತನದ ನೆನಪು. ಈ ನೆಲದ ರೈತ ಯಾರ ಮುಂದೆಯೂ ಮೂಕನಾಗಿ ನಿಂತವನಲ್ಲ. ಅವನಿಗೆ ‘ಜವಾರಿಯನ್ನು ಉಳಿಸು’ ಎಂದು ನಗರದಲ್ಲಿ ಕೂತು ಹೇಳುವುದರಲ್ಲಿ ಒಂದು ಸೊಕ್ಕಿದೆ. ವಿಮರ್ಶಕರು ಉತ್ತರ ಕರ್ನಾಟಕದ ಕಥೆಗೆ ‘ಜವಾರಿ ಸೊಗಡು’ ಎಂದು ಬೆನ್ನು ತಟ್ಟುವಾಗ ಇರುವ ಸೊಕ್ಕೂ ಅದೇ. ಅಂಗಡಿಯ ಪೊಟ್ಟಣದ ಮೇಲೂ ಈಗ ಅದೇ ಶಬ್ದ, ದುಪ್ಪಟ್ಟು ಬೆಲೆಗೆ. ಉಳಿಸುವ ಹೊರೆ ಕಾಕಾನ ಮೇಲೆ, ಶಬ್ದದ ಲಾಭ ನಮ್ಮ ಮೇಲೆ. ಲಾಭ ಹಂಚಿಕೆ ಎಂಬ ರಿಯೊದ ಮೂರನೇ ಮಾತು ಬೀಜಕ್ಕಷ್ಟೇ ಅನ್ವಯಿಸಿದರೆ ಸಾಲದು ಎಂದು ನನಗೆ ಅನ್ನಿಸಿದ್ದು ಅಲ್ಲೇ, ಅವನ ಕಟ್ಟೆಯ ಮೇಲೆ.

ದಾಖಲಾತಿಯಲ್ಲಿ ಹೆಸರು ಸೇರಿಸಬಹುದೇ ಎಂದು ಪಂಚಾಯ್ತಿಯಲ್ಲಿ ಕೇಳಿದ್ದೆ. ‘ಬರಕೊಡ್ರಿ ಮೇಡಂ, ಸಮಿತಿ ಮುಂದ ಇಡ್ತೀವಿ’ ಎಂದರು. ಹಾಳೆಯೊಂದರಲ್ಲಿ ಅಜ್ಜಿಯ ಬಾಯಿಂದ ಕೇಳಿದ್ದಷ್ಟನ್ನು ಬರೆದುಕೊಟ್ಟೆ. ಕಾಕಾನಿಗೆ ಅದರ ಫೋಟೋ ತೋರಿಸಿದಾಗ ಅವನು ಕನ್ನಡಕ ಏರಿಸಿ ಓದಿ, ‘ಹೆಸರು ಬರದಿ, ಛಲೋ ಆತು. ಅಳ್ಳಿನ ಜೋಳದ ಬೀಜ ಈಗ ಯಾರ ಮನ್ಯಾಗ ಐತಿ, ಕೇಳಿದ್ಯೇನು?’ ಎಂದ.

ಕೇಳಿರಲಿಲ್ಲ. ನಾಗರಪಂಚಮಿಗೆ ಅಳ್ಳು ಹುರಿಯುವ ಹೊತ್ತಿಗೆ ಊರಿಗೆ ಹೋಗುತ್ತೇನೆ. ಯಾರ ಮನೆಯ ಅಳ್ಳು ಅಂಗಡಿಯದಲ್ಲ ಎಂದು ಆಗ ಗೊತ್ತಾಗುತ್ತದೆ.