ಪೊಲಿಟ್ಕೊವ್ಸ್ಕಾಯ: ಸಿಟ್ಟು ಗೆದ್ದದ್ದು, ಸೋತದ್ದು

ಗೌರಿ ಲಂಕೇಶ್ ಅವರಿಗೆ 2017ರಲ್ಲಿ ಮರಣೋತ್ತರವಾಗಿ ಅನ್ನಾ ಪೊಲಿಟ್ಕೊವ್ಸ್ಕಾಯ ಪ್ರಶಸ್ತಿ ಬಂದಾಗ ನಮ್ಮಲ್ಲಿ ಅನೇಕರು ಆ ರಷ್ಯನ್ ಪತ್ರಕರ್ತೆಯ ಹೆಸರನ್ನು ಮೊದಲ ಸಲ ಕೇಳಿರಬೇಕು. ಕೇಳಿದ್ದು ಹುತಾತ್ಮರ ಹೆಸರಾಗಿ, ತೊಡಕಿರುವುದೂ ಅಲ್ಲೇ. 2006ರ ಅಕ್ಟೋಬರ್ 7ರಂದು ಮಾಸ್ಕೋದ ತಮ್ಮ ಮನೆಯ ಲಿಫ್ಟಿನಲ್ಲೇ ಗುಂಡಿಗೆ ಬಲಿಯಾದವರ ಬರವಣಿಗೆಯನ್ನು ತೂಗಿ ನೋಡಲು ಯಾರಿಗೂ ಮನಸ್ಸಾಗುವುದಿಲ್ಲ.

ಎರಡನೇ ಚೆಚೆನ್ ಯುದ್ಧ ಶುರುವಾದ 1999ರಿಂದ ಅವರು 'ನೋವಯಾ ಗಜೆಟಾ' ಪತ್ರಿಕೆಗಾಗಿ ಮತ್ತೆ ಮತ್ತೆ ಚೆಚೆನ್ಯಾಕ್ಕೆ ಹೋದರು. ಆ ವರದಿಗಳಲ್ಲಿ ರಣತಂತ್ರ ಇಲ್ಲವೆನ್ನುವಷ್ಟು ಕಡಿಮೆ. ಸೈನಿಕರು ತಮ್ಮನ್ನು ಗುಂಡಿ ತೋಡಿ ಕೂಡಿಹಾಕಿದ್ದರೆಂದು ಜನ ದೂರಿದಾಗ, 2001ರಲ್ಲಿ ಅವರು ಅಲ್ಲಿನ ಖತುನಿ ಎಂಬ ಹಳ್ಳಿಗೆ ಹೋಗಿ ಗುಂಡಿಗಳನ್ನೇ ನೋಡಿಬಂದರು. ಸೈನ್ಯ ಅವರನ್ನೂ ಹಿಡಿದಿಟ್ಟು ಬೆದರಿಸಿತು. ಯಾವ ಊರು, ಯಾವ ರೆಜಿಮೆಂಟು, ಯಾವ ದಿನ: ಅವರ ಸಿಟ್ಟಿಗೆ ಬಲ ಬರುವುದು ಇವುಗಳಿಂದ. ಒಟ್ಟಿಗೆ ಓದಿದರೆ ಈ ವರದಿಗಳು ದಣಿಸುತ್ತವೆ, ನಿಜ. ಕೆಲವು ಕಡೆ ವರದಿಯೋ ಅರ್ಜಿಯೋ ತಿಳಿಯದು. ಆದರೆ ಬಂಧನದ ನಂತರ ಕಾಣೆಯಾದ ಚೆಚೆನ್ ಯುವಕನೊಬ್ಬನ ಪ್ರಕರಣವನ್ನು ಅವರು ಬೆನ್ನು ಬಿಡದೆ ಬರೆದರು. ಕೊಲೆ ಬೆದರಿಕೆ ಬಂದು ಕೆಲಕಾಲ ವಿಯೆನ್ನಾಕ್ಕೆ ಹೋಗಬೇಕಾಯಿತು. ಕೊನೆಗೆ 2005ರಲ್ಲಿ ಗ್ರೋಜ್ನಿಯ ನ್ಯಾಯಾಲಯ ಅದೇ ಪ್ರಕರಣದಲ್ಲಿ ರಷ್ಯನ್ ಪೊಲೀಸನೊಬ್ಬನಿಗೆ 11 ವರ್ಷ ಶಿಕ್ಷೆ ಕೊಟ್ಟಿತು. ಶೈಲಿಯ ಬಗ್ಗೆ ಗೊಣಗುವ ವಿಮರ್ಶಕ ಇಲ್ಲಿ ಸ್ವಲ್ಪ ತಡೆಯಬೇಕಾಗುತ್ತದೆ.

'ಪುಟಿನ್ಸ್ ರಷ್ಯಾ' (2004) ಬೇರೆಯದೇ ಮಾತು. ಮೊದಲು ಬ್ರಿಟನ್ನಿನಲ್ಲಿ ಬಂದ, ರಷ್ಯದ ಹೊರಗೇ ಹೆಸರಾದ ಪುಸ್ತಕ ಇದು. ಸೈನಿಕರ ತಾಯಂದಿರ ಅಧ್ಯಾಯ ಅಸಾಧಾರಣ: ಚೆಚೆನ್ನರ ಪರ ನಿಂತ ಲೇಖನಿಯೇ ಅಧಿಕಾರಿಗಳ ಕ್ರೌರ್ಯಕ್ಕೆ ಸಿಕ್ಕ ರಷ್ಯನ್ ಹುಡುಗರ ಪರವೂ ನಿಲ್ಲುತ್ತದೆ. ಅವರನ್ನು ದೇಶದ್ರೋಹಿ ಎಂದವರು ಇದನ್ನು ಓದಿರಲಾರರು. ಕೊನೆಗೆ ಪುಟಿನ್ ಅವರತ್ತಲೇ ತಿರುಗಿದಾಗ ಮಾತ್ರ ಬರಹ ಸಡಿಲವಾಗುತ್ತದೆ, ಹೆಜ್ಜೆಹೆಜ್ಜೆಗೂ ಇದ್ದ ಪುರಾವೆಯ ಜಾಗಕ್ಕೆ ಬೈಗುಳ ಬರುತ್ತದೆ. ಗೊಗೊಲನ ಬಡ ಗುಮಾಸ್ತ ಅಕಾಕಿ ಅಕಾಕಿಯೆವಿಚ್‌ಗೆ ಪುಟಿನ್ ಅವರನ್ನು ಹೋಲಿಸುವುದಂತೂ ಎಡವಟ್ಟು. ಆ ಗುಮಾಸ್ತ ದರ್ಪಕ್ಕೆ ಸಿಕ್ಕಿ ಸತ್ತವನು. ಪೊಲಿಟ್ಕೊವ್ಸ್ಕಾಯ ಅವನ ಕಾಲದಲ್ಲಿದ್ದಿದ್ದರೆ ಅವನ ಪರವಾಗಿಯೇ ಬರೆಯುತ್ತಿದ್ದರು. ಅವರನ್ನು ಹೊಸದಾಗಿ ಓದುವವರು ತಾಯಂದಿರ ಅಧ್ಯಾಯದಿಂದ ಶುರುಮಾಡಲಿ, ಕೊನೆಯದನ್ನು ಬಿಟ್ಟರೂ ನಷ್ಟವಿಲ್ಲ.